"ಎಲ್ಲಾ ಓಡುತ್ತೆ" ಅಂತ ಮ್ಯಾಕ್ ಮಾರುವವರಿಗೆ ನಮ್ಮದೊಂದು ಮಾತು

ರಾಬರ್ಟ್‌ಸನ್‌ಪೇಟೆಯಲ್ಲೂ ಬಂಗಾರಪೇಟೆಯಲ್ಲೂ ಈಗ ಒಂದು ಮಾತು ಸಲೀಸಾಗಿ ಓಡಾಡುತ್ತಿದೆ. "ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ತಗೋ ಮಚ್ಚಾ, ಒಂದು ಸಾಫ್ಟ್‌ವೇರ್ ಹಾಕಿದರೆ ವಿಂಡೋಸ್ ಗೇಮ್ ಎಲ್ಲಾ ಓಡುತ್ತೆ." ಈ ಮಾತಿನಲ್ಲಿರುವ "ಎಲ್ಲಾ" ಅನ್ನುವುದು ಸುಳ್ಳು. ಗೊತ್ತಿಲ್ಲದೆ ಹೇಳುವವರೂ ಇದ್ದಾರೆ. ಗೊತ್ತಿದ್ದೂ ಹೇಳುವವರ ಮೇಲೆ ನಮಗೆ ಸಿಟ್ಟಿದೆ, ಈ ಬರಹ ಅವರಿಗಾಗಿ.

ಈ ಮ್ಯಾಕ್‌ಗಳು ಎಲ್ಲಿಂದ ಬರುತ್ತವೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಡುವ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆ ಮುಟ್ಟಿ, ಅಲ್ಲಿಂದ ಯಾರದೋ ಬ್ಯಾಗಿನಲ್ಲಿ ಸಂಜೆ ರೈಲು ಹತ್ತಿ, ಬಂಗಾರಪೇಟೆ ದಾಟಿ ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂವರೆಗೆ ಇಳಿಯುತ್ತವೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ ಈ ರೈಲೇ ನಮ್ಮ ಊರಿನ ಬದುಕು. ಬೆಳಿಗ್ಗೆ ಜನ ಹೋಗುತ್ತಾರೆ, ರಾತ್ರಿ ಸಂಬಳದ ಜೊತೆ ಬೆಂಗಳೂರು ಬಿಸಾಕಿದ್ದನ್ನೂ ತರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹಳೆಯ ಮ್ಯಾಕ್ ಗಟ್ಟಿ ಯಂತ್ರ. ಓದಲಿಕ್ಕೆ, ಕೋಡ್ ಬರೆಯಲಿಕ್ಕೆ, ವಿಡಿಯೋ ಎಡಿಟ್ ಮಾಡಲಿಕ್ಕೆ ಹೇಳಿ ಮಾಡಿಸಿದ್ದು.

ಆದರೆ ಪಿಯುಸಿ ಮುಗಿಸಿದ ಹುಡುಗನಿಗೆ ಅದನ್ನು ಮಾರುವಾಗ ಕೋಡ್ ಅಂತ ಹೇಳಿದರೆ ಗಿರಾಕಿ ನಿಲ್ಲುವುದಿಲ್ಲ. ಗೇಮ್ ಅಂತ ಹೇಳಬೇಕು. ಮನೆಯವರಿಗೆ "ಓದಿಗೆ", ಹುಡುಗನಿಗೆ "ಗೇಮ್‌ಗೆ". ಒಂದೇ ಯಂತ್ರವನ್ನು ಎರಡು ಮಾತಿನಲ್ಲಿ ಮಾರುವ ವ್ಯಾಪಾರ ಇದು. ಮನೆಯವರು ಚೀಟಿ ಎತ್ತಿಯೋ ಸಂಘದಲ್ಲಿ ಸಾಲ ಮಾಡಿಯೋ ದುಡ್ಡು ಕೊಡುತ್ತಾರೆ. ವಾರದೊಳಗೆ ಹುಡುಗ ನಮಗೆ ಫೋನ್ ಮಾಡುತ್ತಾನೆ: "ಅಣ್ಣಾ, ವ್ಯಾಲೊರಂಟ್ ಓಪನ್ನೇ ಆಗ್ತಿಲ್ಲ. ನೀವು ಪೇಪರ್‌ನವರು ಅಲ್ವಾ, ಗೊತ್ತಿರುತ್ತೆ."

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇವೆ. ನಾವು ರಮ್ಮಿ, ಬೆಟ್ಟಿಂಗ್ ಮಾತಾಡುತ್ತಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು, ಅದು ಬೇರೆ ಕಥೆ. ಅದೇ ಕಾನೂನು ಇ-ಸ್ಪೋರ್ಟ್ಸ್ ಅನ್ನು ಕ್ರೀಡೆಯಾಗಿ ಒಪ್ಪಿದೆ. ನಾವು ಹೇಳುತ್ತಿರುವುದು ಆ ಬಗೆಯ ಆಟಗಳ ಬಗ್ಗೆ, ಅಂದರೆ ನಾಲ್ಕೈದು ಗೆಳೆಯರು ಕೂಡಿ ನೆಟ್‌ನಲ್ಲಿ ಆಡುವಂಥವು. ನೀವು ಫೋನ್‌ನಲ್ಲಿ ಬಿಜಿಎಂಐ ಆಡಿದ್ದರೆ ಅದರ ಅಣ್ಣಂದಿರು ಅಂತ ತಿಳಿದುಕೊಳ್ಳಿ.

ಈಗ ಆ "ಒಂದು ಸಾಫ್ಟ್‌ವೇರ್" ಏನು ಮಾಡುತ್ತದೆ ನೋಡೋಣ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಮೋಸ ತಪ್ಪುತ್ತದೆ.

ಕೆಜಿಎಫ್‌ನ ಅಜ್ಜಿಯೊಬ್ಬರು ತಾಲೂಕು ಆಫೀಸಿಗೆ ಹೋಗುತ್ತಾರೆ. ಅವರಿಗೆ ಬರುವುದು ತಮಿಳು. ಗುಮಾಸ್ತರದು ಕನ್ನಡ. ಜೊತೆಗೆ ಹೋದ ಮೊಮ್ಮಗ ಅಲ್ಲೇ ನಿಂತು ಅಜ್ಜಿಯ ಮಾತನ್ನು ಕನ್ನಡಕ್ಕೆ, ಗುಮಾಸ್ತರ ಮಾತನ್ನು ತಮಿಳಿಗೆ ತಿರುಗಿಸಿ ಹೇಳುತ್ತಾನೆ. ಕೆಲಸ ಆಗುತ್ತದೆ. ವೈನ್ ಅನ್ನುವ ಸಾಫ್ಟ್‌ವೇರ್ ಆ ಮೊಮ್ಮಗ. 1993ರಲ್ಲಿ ಶುರುವಾದದ್ದು, ಉಚಿತ, ಪ್ರಪಂಚದ ನೂರಾರು ಜನ ಸೇರಿ ಕಟ್ಟಿದ್ದು. ವಿಂಡೋಸ್‌ಗೆ ಅಂತ ಬರೆದ ಪ್ರೋಗ್ರಾಂ "ಈ ಫೈಲ್ ತೆಗೆ, ಆ ಕಿಟಕಿ ಬಿಡಿಸು" ಅಂತ ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ಮ್ಯಾಕ್ ಅಥವಾ ಲಿನಕ್ಸ್ ಭಾಷೆಗೆ ತಿರುಗಿಸಿ ಕೆಲಸ ಮಾಡಿಸುತ್ತದೆ. ಕ್ರಾಸ್‌ಓವರ್ ಅನ್ನುವುದು ಇದೇ ವೈನ್ ಮೇಲೆ ಕೋಡ್‌ವೀವರ್ಸ್ ಕಂಪನಿ ಕಟ್ಟಿ ದುಡ್ಡಿಗೆ ಮಾರುವ ಸಾಫ್ಟ್‌ವೇರ್. ವಿಸ್ಕಿ ಅನ್ನುವ ಉಚಿತ ಆ್ಯಪ್ ಒಂದಿತ್ತು, 2025ರಲ್ಲಿ ಅದರ ಕೆಲಸ ನಿಂತುಹೋಯಿತು. ಈಗಲೂ ಅದನ್ನೇ ಹಾಕಿಕೊಡುವ ಅಂಗಡಿಗಳಿವೆ. (ವೈನ್, ವಿಸ್ಕಿ ಅಂತ ಹೆಸರು ಕೇಳಿ ಮನೆಯಲ್ಲಿ ಬೈಸಿಕೊಂಡ ಹುಡುಗರೂ ಇದ್ದಾರೆ, ಅದು ಬೇರೆ.)

ಹೊಸ ಮ್ಯಾಕ್‌ನಲ್ಲಿ ಮೊಮ್ಮಗ ಒಬ್ಬನೇ ಸಾಲುವುದಿಲ್ಲ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ವಿಂಡೋಸ್ ಆಟಗಳು ಬರೆದಿರುವುದು ಇಂಟೆಲ್ ಜಾತಿಯ ಚಿಪ್‌ಗೆ. ಅದನ್ನು ತಿರುಗಿಸಲು ರೊಸೆಟ್ಟಾ ಅಂತ ಇನ್ನೊಬ್ಬ ದುಭಾಷಿ. ಚಿತ್ರ ಬಿಡಿಸುವ ಡೈರೆಕ್ಟ್‌ಎಕ್ಸ್ ಭಾಷೆಯನ್ನು ಆಪಲ್‌ನ ಮೆಟಲ್ ಭಾಷೆಗೆ ತಿರುಗಿಸಲು ಮೂರನೆಯವನು. 2023ರ ಜೂನ್‌ನಲ್ಲಿ ಆಪಲ್ಲೇ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಹೆಸರಲ್ಲಿ ಇದಕ್ಕೊಂದು ಉಪಕರಣ ಕೊಟ್ಟಿತು. ಒಂದು ಗುಂಡು ಹಾರಿಸಿದರೆ ಆ ಸುದ್ದಿ ಮೂರು ಬಾಯಿ ದಾಟಿ ಪರದೆಗೆ ಬರಬೇಕು. ಇಷ್ಟಾದರೂ ಒಬ್ಬರೇ ಕೂತು ಆಡುವ ಆಟಗಳು ಎಷ್ಟೋ ಸಲ ಚೆನ್ನಾಗೇ ಓಡುತ್ತವೆ. ಇದು ಸಣ್ಣ ಸಾಧನೆಯಲ್ಲ, ಮಾಡಿದವರಿಗೆ ಕೈ ಮುಗಿಯಬೇಕು.

ಕಥೆ ಕೆಡುವುದು ಆನ್‌ಲೈನ್ ಆಟದಲ್ಲಿ. ಅಲ್ಲಿ ಬಾಗಿಲಲ್ಲಿ ಕಾವಲುಗಾರ ಇದ್ದಾನೆ. ಮೋಸ ಮಾಡಿ ಆಡುವವರನ್ನು ಹಿಡಿಯಲು ಇಟ್ಟ ಸಾಫ್ಟ್‌ವೇರ್ ಅದು, ಆ್ಯಂಟಿ-ಚೀಟ್ ಅನ್ನುತ್ತಾರೆ. ಅದರಲ್ಲಿ ಕೆಲವು ಬಾಗಿಲಲ್ಲಿ ನಿಂತು ನೋಡಿ ಬಿಡುವುದಿಲ್ಲ. ಮನೆಯ ಒಳಕೋಣೆಗೇ ಹೋಗಿ ಕೂರುತ್ತೇನೆ ಅನ್ನುತ್ತವೆ. ಕಂಪ್ಯೂಟರಿನ ಆ ಒಳಕೋಣೆಗೆ ಕರ್ನಲ್ ಅಂತ ಹೆಸರು. ವ್ಯಾಲೊರಂಟ್ ಆಟದ ಜೊತೆ ರಯಟ್ ಕಂಪನಿ 2020ರಲ್ಲಿ ತಂದ ವ್ಯಾನ್‌ಗಾರ್ಡ್ ಅಂಥದ್ದು. ಅದಕ್ಕೆ ವಿಂಡೋಸ್‌ನ ಒಳಕೋಣೆಯೇ ಬೇಕು. ಮ್ಯಾಕ್‌ನಲ್ಲಿ ಆ ಕೋಣೆ ಇಲ್ಲ. ಮೊಮ್ಮಗ ಎಷ್ಟೇ ಚೆನ್ನಾಗಿ ಮಾತು ತಿರುಗಿಸಲಿ, ಇಲ್ಲದ ಕೋಣೆಯನ್ನು ಎಲ್ಲಿಂದ ತಂದುಕೊಡುತ್ತಾನೆ?

ಹಾಗಾಗಿ ವ್ಯಾಲೊರಂಟ್ ಮ್ಯಾಕ್‌ನಲ್ಲಿ ವೈನ್ ಹಾಕಿದರೂ ಓಡುವುದಿಲ್ಲ, ಕ್ರಾಸ್‌ಓವರ್ ಹಾಕಿದರೂ ಓಡುವುದಿಲ್ಲ, ಪ್ಯಾರಲೆಲ್ಸ್‌ನಲ್ಲಿ ವಿಂಡೋಸ್ ಹಾಕಿಕೊಂಡರೂ ಓಡುವುದಿಲ್ಲ. ಸೆಟ್ಟಿಂಗ್ ಬದಲಿಸುತ್ತಾ ರಾತ್ರಿ ಮೂರು ಗಂಟೆವರೆಗೆ ಕೂತ ಹುಡುಗರೇ, ನಿಮ್ಮ ಕೈಯಲ್ಲಿ ದೋಷ ಇಲ್ಲ. ಫೋರ್ಟ್‌ನೈಟ್ ಕಥೆಯೂ ಹೀಗೇ. 2020ರ ಆಗಸ್ಟ್‌ನಲ್ಲಿ ಎಪಿಕ್ ಮತ್ತು ಆಪಲ್ ಜಗಳಕ್ಕೆ ಬಿದ್ದವು, ಮ್ಯಾಕ್‌ನ ಫೋರ್ಟ್‌ನೈಟ್ ಅಲ್ಲಿಗೇ ಹಳಸಿತು. ವಿಂಡೋಸ್ ಆವೃತ್ತಿಯನ್ನು ತಿರುಗಿಸಿ ಓಡಿಸೋಣ ಎಂದರೆ ಕಾವಲುಗಾರ ಒಳಗೆ ಬಿಡುವುದಿಲ್ಲ. ಕಂಪ್ಯೂಟರಿನ ಪಬ್‌ಜಿಯಲ್ಲಿ ಬ್ಯಾಟಲ್‌ಐ ಅನ್ನುವ ಕಾವಲು. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಅದೇ ಬ್ಯಾಟಲ್‌ಐ ಬಂತು, ಅಲ್ಲಿಯವರೆಗೆ ಆಡುತ್ತಿದ್ದವರೂ ಹೊರಗೆ ನಿಂತರು. ಒಬ್ಬರೇ ಆಡುವ ಸ್ಟೋರಿ ಮೋಡ್ ಉಳಿಯಿತು.

ಕೌಂಟರ್-ಸ್ಟ್ರೈಕ್ ಆಡುವವರಿಗೆ ಆದದ್ದು ಇನ್ನೂ ಬೇಸರದ್ದು. ಹಳೆಯ ಸಿಎಸ್:ಗೋ ಮ್ಯಾಕ್‌ನಲ್ಲಿ ನೇರವಾಗಿಯೇ ಇತ್ತು, ದುಭಾಷಿ ಬೇಕಿರಲಿಲ್ಲ. 2023ರ ಸೆಪ್ಟೆಂಬರ್ 27ರಂದು ವಾಲ್ವ್ ಕಂಪನಿ ಅದರ ಜಾಗಕ್ಕೆ ಕೌಂಟರ್-ಸ್ಟ್ರೈಕ್ 2 ತಂದಿತು, ಮ್ಯಾಕ್ ಕೈಬಿಟ್ಟಿತು. ಕೊಟ್ಟ ಕಾರಣ, ಕೈಬಿಟ್ಟ ಹಳೆಯ ಯಂತ್ರಗಳೂ ಮ್ಯಾಕ್‌ಗಳೂ ಸೇರಿ ಆಡುವವರು ಶೇ. 1ಕ್ಕಿಂತ ಕಡಿಮೆ ಅಂತ. ಊರಿಗೆ ಬರುತ್ತಿದ್ದ ರಾತ್ರಿ ಬಸ್ ನಿಲ್ಲಿಸುವಾಗ ಡಿಪೋದವರು ಹೇಳುವುದೂ ಇದನ್ನೇ ತಾನೇ? "ಕಲೆಕ್ಷನ್ ಇಲ್ಲ." ಆ ಬಸ್ಸಿನಲ್ಲಿ ಬರುತ್ತಿದ್ದ ನಾಲ್ಕು ಜನ ಲೆಕ್ಕಕ್ಕಿಲ್ಲ. ವಾಲ್ವ್ ಕೊನೆಗೆ, ಮ್ಯಾಕ್‌ನಲ್ಲೇ ಹೆಚ್ಚು ಆಡುತ್ತಿದ್ದು ಆ ವರ್ಷ ಮಾರ್ಚ್‌ನಿಂದೀಚೆಗೆ ಪ್ರೈಮ್ ಕೊಂಡವರಿಗೆ ದುಡ್ಡು ವಾಪಸ್ ಕೊಡುವುದಾಗಿ ಹೇಳಿತು, ಡಿಸೆಂಬರ್ 1ರೊಳಗೆ ಕೇಳಿದರೆ ಮಾತ್ರ. ಅದಕ್ಕೂ ಮುಂಚೆ ಕೊಂಡವರಿಗೆ ನಮಸ್ಕಾರ ಅಷ್ಟೇ.

ಇಲ್ಲಿ ಕಂಪನಿಗಳ ಪರವಾಗಿ ವಾದ ಮಾಡುವವರಿದ್ದಾರೆ, ಅವರ ಮಾತನ್ನೂ ಕೇಳಬೇಕು. "ಮೋಸದಾಟ ತಡೆಯಬೇಡವೇ?" ಬೇಕು. ಫೋನ್‌ನಲ್ಲಿ ಆಡುವ ನಮ್ಮ ಹಳ್ಳಿ ಹುಡುಗರಿಗೂ ಗೊತ್ತು, ಗೋಡೆಯ ಆಚೆಯಿಂದ ಗುಂಡು ಹೊಡೆಯುವ ಒಬ್ಬ ಹ್ಯಾಕರ್ ಇದ್ದರೆ ಇಡೀ ಆಟ ಹಾಳು. ಆದರೆ ಒಳಕೋಣೆಗೆ ಹೋಗದೆ ಕಾಯಲು ಸಾಧ್ಯವೇ ಇಲ್ಲ ಅನ್ನುವುದನ್ನು ನಾವು ಒಪ್ಪುವುದಿಲ್ಲ. ಅದೇ ರಯಟ್ ಕಂಪನಿಯ ಲೀಗ್ ಆಫ್ ಲೆಜೆಂಡ್ಸ್ ಮ್ಯಾಕ್‌ನಲ್ಲಿ ನೇರವಾಗಿ ಓಡುತ್ತದೆ. 2024ರಲ್ಲಿ ಅದರ ವಿಂಡೋಸ್ ಆವೃತ್ತಿಗೆ ವ್ಯಾನ್‌ಗಾರ್ಡ್ ಹಾಕಿದಾಗಲೂ ಮ್ಯಾಕ್‌ನಲ್ಲಿ ಕರ್ನಲ್ ಒಳಗೆ ಹೋಗಲಿಲ್ಲ. ಆಟ ನಿಂತುಹೋಯಿತೇ? ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ, ಲಿನಕ್ಸ್‌ನ ಪ್ರೋಟಾನ್ ಮೂಲಕ ಆಡುವವರನ್ನು ಒಳಗೆ ಬಿಡಲು ದಾರಿ ಮಾಡಿಕೊಟ್ಟವು. ಪ್ರೋಟಾನ್ ಅಂದರೆ ವೈನ್‌ನದೇ ಇನ್ನೊಂದು ರೂಪ. ಆ ಬಾಗಿಲು ತೆಗೆಯುವುದು ಬಿಡುವುದು ಆಟ ಮಾಡಿದ ಕಂಪನಿಯ ಇಷ್ಟ. ಕೆಲವರು ತೆಗೆದರು. ಕೆಲವರು ತೆಗೆದು ಮತ್ತೆ ಮುಚ್ಚಿದರು, ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ 31ರಂದು ಲಿನಕ್ಸ್‌ಗೆ ಬಾಗಿಲು ಹಾಕಿತು. ಕಾರಣ ಮೋಸಗಾರರು ಅಂದಿತು. ಮೋಸಗಾರರು ವಿಂಡೋಸ್‌ನಲ್ಲಿಲ್ಲವೇ? ಇದ್ದಾರೆ. ಅಲ್ಲಿ ಅವರನ್ನು ಒಬ್ಬೊಬ್ಬರಾಗಿ ಹಿಡಿಯುತ್ತಾರೆ. ಇಲ್ಲಿ ಮಾತ್ರ ಊರಿಗೆ ಊರನ್ನೇ ಹೊರಗೆ ಹಾಕುತ್ತಾರೆ.

ಆಪಲ್ ಕೂಡ ಸಾಧುವಲ್ಲ. 2019ರಲ್ಲಿ ಬಂದ ಕ್ಯಾಟಲಿನಾ ಆವೃತ್ತಿಯಲ್ಲಿ 32 ಬಿಟ್ ಪ್ರೋಗ್ರಾಂಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು, ದುಡ್ಡು ಕೊಟ್ಟು ಕೊಂಡ ಹಳೆಯ ಆಟಗಳು ಸತ್ತವು. ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಅಂತ ಇತ್ತು, ಅಸಲಿ ವಿಂಡೋಸ್ಸನ್ನೇ ಹಾಕಿಕೊಳ್ಳಬಹುದಿತ್ತು. ಎಂ1ರಿಂದ ಅದು ಹೋಯಿತು. ಈಗ ರೊಸೆಟ್ಟಾ ಸರದಿ. ಮ್ಯಾಕ್‌ಓಎಸ್ 27ರವರೆಗೆ ಪೂರ್ತಿ ಇರುತ್ತದೆ, ಆಮೇಲೆ ಕೆಲವು ಹಳೆಯ ಆಟಗಳಿಗೆ ಬೇಕಾದಷ್ಟು ಮಾತ್ರ ಉಳಿಸುತ್ತೇವೆ ಅಂತ 2025ರ ಜೂನ್‌ನಲ್ಲೇ ಹೇಳಿದೆ. ಈವತ್ತು ಕಷ್ಟಪಟ್ಟು ಓಡಿಸಿದ್ದು ಎರಡು ವರ್ಷದ ಮೇಲೂ ಓಡುತ್ತದೆ ಅಂತ ಯಾರು ಜಾಮೀನು ಕೊಡುತ್ತಾರೆ? ಮಾರುವವರು ಇದನ್ನು ಹೇಳುವುದಿಲ್ಲ. 8 ಜಿಬಿ ಮೆಮೊರಿ ಬೋರ್ಡಿಗೇ ಅಂಟಿರುತ್ತದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ ಅನ್ನುವುದನ್ನೂ ಹೇಳುವುದಿಲ್ಲ.

ಇದೇ ಬೀಗ ಕನ್ನಡಕ್ಕೂ ಬಿದ್ದದ್ದುಂಟು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂದದ್ದು ವಿಂಡೋಸ್‌ಗೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಮ್ಯಾಕ್‌ನಲ್ಲೋ ಫೋನ್‌ನಲ್ಲೋ ತೆಗೆದರೆ ಕನ್ನಡದ ಬದಲು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ವರದಿಯನ್ನು ಯೂನಿಕೋಡ್‌ನಲ್ಲಿ ಕಳಿಸಿದರೆ "ನುಡಿಯಲ್ಲಿ ಕಳಿಸಿ" ಅಂತ ವಾಪಸ್ ಮಾಡುವ ಡೆಸ್ಕ್‌ಗಳನ್ನು ನಾವೂ ಕಂಡಿದ್ದೇವೆ. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಇದ್ದೇ ಇದೆ, ಯೂನಿಕೋಡ್ ಎಲ್ಲ ಕಡೆ ಓದಲು ಬರುತ್ತದೆ. ಆದರೂ ನಾಲ್ಕು ಸಾಲಿನ ಸುದ್ದಿಗಾಗಿ ಮ್ಯಾಕ್‌ನಲ್ಲಿ ವೈನ್ ಹಾಕಿ ನುಡಿ ಓಡಿಸಲು ಒದ್ದಾಡಬೇಕು. ಆಟದ ಹುಡುಗನ ಸಂಕಟ ನಮಗೆ ಅರ್ಥವಾಗುವುದು ಇದಕ್ಕೇ. ಒಂದೇ ಕಂಪನಿಯ ಮನೆಗೆ ಹೊಂದುವ ಬೀಗ ಮಾಡಿ, ಬೇರೆ ಮನೆಯವರನ್ನು "ನಿಮ್ಮದೇ ತಪ್ಪು" ಅನ್ನುವುದು ಎಲ್ಲೆಲ್ಲೂ ಒಂದೇ.

ಇನ್ನು ಯೂಟ್ಯೂಬ್ ಪಂಡಿತರ ಬಗ್ಗೆ. "ಮ್ಯಾಕ್‌ನಲ್ಲಿ ವ್ಯಾಲೊರಂಟ್, 100% ವರ್ಕಿಂಗ್" ಅಂತ ವಿಡಿಯೋ. ಕೆಳಗೆ ಟೆಲಿಗ್ರಾಂ ಲಿಂಕ್. ಅಲ್ಲಿ ಕ್ರ್ಯಾಕ್ ಮಾಡಿದ ಕ್ರಾಸ್‌ಓವರ್. ಜೊತೆಗೆ ಉಪದೇಶ: ಗೇಟ್‌ಕೀಪರ್ ಆಫ್ ಮಾಡಿ, ಈ ಸಾಲನ್ನು ಕಾಪಿ ಮಾಡಿ ಟರ್ಮಿನಲ್‌ನಲ್ಲಿ ಹಾಕಿ, ಪಾಸ್‌ವರ್ಡ್ ಕೇಳಿದರೆ ಕೊಡಿ. ಇದು ಮನೆಯ ಬಾಗಿಲು ಕಿತ್ತು ಹೊರಗಿಟ್ಟು ಮಲಗಿದ ಹಾಗೆ. 2023ರಿಂದ ಅಟಾಮಿಕ್ ಸ್ಟೀಲರ್ ಅನ್ನುವ ಕಳ್ಳ ಸಾಫ್ಟ್‌ವೇರ್ ಮ್ಯಾಕ್‌ಗಳಿಗೆ ಬರುತ್ತಿರುವುದು ಹೆಚ್ಚಾಗಿ ಇಂಥ ಕ್ರ್ಯಾಕ್‌ಗಳ ಮೂಲಕ, ಟರ್ಮಿನಲ್‌ಗೆ ಅಂಟಿಸುವ ಸಾಲುಗಳ ಮೂಲಕ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅದು ಹೊತ್ತೊಯ್ಯುತ್ತದೆ. ಆ ಮ್ಯಾಕ್‌ನಲ್ಲಿ ಆಟ ಮಾತ್ರ ಇರುವುದಿಲ್ಲ. ಅಕ್ಕನ ಸ್ಕಾಲರ್‌ಶಿಪ್ ಲಾಗಿನ್ ಇರುತ್ತದೆ, ಅಪ್ಪನ ನೆಟ್ ಬ್ಯಾಂಕಿಂಗ್ ಇರುತ್ತದೆ, ಇಡೀ ಮನೆಯ ಆಧಾರ್ ಪಿಡಿಎಫ್‌ಗಳಿರುತ್ತವೆ. ಈಗಾಗಲೇ ಹಾಗೆ ಮಾಡಿದ್ದರೆ ಬೇರೆ ಫೋನಿನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ವಿಡಿಯೋ ಹಾಕಿದವನು ನಿಮ್ಮ ಕರೆ ಎತ್ತುವುದಿಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಸರಿಪಡಿಸಬಹುದಾದದ್ದು ಯಾವುದು, ಆಗದ್ದು ಯಾವುದು ಅಂತ ಮೊದಲು ಬೇರೆ ಮಾಡಿ. ಆಟದ ಹೆಸರು ಹಾಕಿ ಅದರ ಆ್ಯಂಟಿ-ಚೀಟ್ ಯಾವುದು ಅಂತ ಹುಡುಕಿ, ಕೋಡ್‌ವೀವರ್ಸ್ ತಾಣದಲ್ಲಿ ಆ ಆಟಕ್ಕೆ ಎಷ್ಟು ಅಂಕ ಕೊಟ್ಟಿದ್ದಾರೆ ನೋಡಿ. ಕಾವಲುಗಾರನೇ ತಡೆದಿದ್ದರೆ ಅಲ್ಲಿಗೆ ಬಿಟ್ಟುಬಿಡಿ, ದಾರಿ ತಪ್ಪಿಸಿ ನುಗ್ಗಲು ಹೋದರೆ ಅಕೌಂಟೇ ಬ್ಯಾನ್ ಆಗಬಹುದು. ಕಾವಲು ಇಲ್ಲದ ಆಟ ತೆರೆಯುತ್ತಿಲ್ಲ ಅಂದರೆ ಮದ್ದಿದೆ. ಕ್ರಾಸ್‌ಓವರ್‌ನಲ್ಲಿ ಪ್ರತಿ ಆಟಕ್ಕೂ ಬೇರೆ ಬಾಟಲ್ ಮಾಡಿ, ಒಂದೇ ಬಾಟಲ್‌ಗೆ ಹತ್ತು ಆಟ ತುಂಬಿದರೆ ಒಂದರ ಫೈಲ್ ಇನ್ನೊಂದನ್ನು ಕೆಡಿಸುತ್ತದೆ. ಕೆಟ್ಟ ಬಾಟಲ್ ರಿಪೇರಿ ಮಾಡುವುದಕ್ಕಿಂತ ಹೊಸದು ಮಾಡುವುದು ಬೇಗ. ಚಿತ್ರ ಕಪ್ಪಾಗಿ ನಿಂತರೆ ಗ್ರಾಫಿಕ್ಸ್ ಆಯ್ಕೆಯಲ್ಲಿ ಡಿ3ಡಿಮೆಟಲ್ ಇದ್ದದ್ದನ್ನು ಡಿಎಕ್ಸ್‌ವಿಕೆಗೆ, ಅದು ಇದ್ದರೆ ಇದಕ್ಕೆ ಬದಲಿಸಿ ನೋಡಿ. ಮೊದಲ ಹತ್ತು ನಿಮಿಷ ತಡೆತಡೆದು ಓಡಿದರೆ ಗಾಬರಿ ಬೇಡ, ಶೇಡರ್‌ಗಳು ತಯಾರಾಗುತ್ತಿರುತ್ತವೆ, ಆಮೇಲೆ ಸುಧಾರಿಸುತ್ತದೆ. ಆಟ ನುಣ್ಣಗೆ ಕಾಣುತ್ತಿದ್ದೂ ನೀವು ಹೊಡೆಯುವ ಮೊದಲೇ ಸಾಯುತ್ತಿದ್ದರೆ ಅದು ಪಿಂಗ್, ಅಂದರೆ ನೆಟ್‌ನ ತಡ. ಮನೆಯೊಳಗಿನ ಹಾಟ್‌ಸ್ಪಾಟ್ ಬಿಟ್ಟು ಫೈಬರ್ ಇರುವ ಗೆಳೆಯನ ಮನೆಯಲ್ಲಿ ಒಮ್ಮೆ ಆಡಿ ನೋಡಿ, ಗೊತ್ತಾಗುತ್ತದೆ. ಮತ್ತೆ, ಓಡುತ್ತಿರುವ ಆಟ ಇದ್ದಾಗ ಮ್ಯಾಕ್ ಅಪ್‌ಡೇಟ್ ಬಂದ ದಿನವೇ ಹಾಕಬೇಡಿ, ಕ್ರಾಸ್‌ಓವರ್ ಹೊಸದು ಬರುವವರೆಗೆ ಸ್ವಲ್ಪ ತಾಳಿ. ಕ್ರಾಸ್‌ಓವರ್ 14 ದಿನ ಉಚಿತವಾಗಿ ಸಿಗುತ್ತದೆ. ಅಷ್ಟರಲ್ಲಿ ನಿಮ್ಮ ಆಟ ಓಡದಿದ್ದರೆ ದುಡ್ಡು ಕೊಡುವ ಮಾತೇ ಇಲ್ಲ.

ಮನೆಯ ಹಿರಿಯರಿಗೂ ಒಂದು ಮಾತಿದೆ. "ಗೇಮ್ ಗೇಮ್ ಅಂತ ಹಾಳಾದ" ಅಂತ ಬೈಯುವ ಮುಂಚೆ ಅವನು ಏನು ಮಾಡುತ್ತಿದ್ದಾನೆ ಅಂತ ಪಕ್ಕದಲ್ಲಿ ಕೂತು ನೋಡಿ. ಲಾಗ್ ಫೈಲ್ ಓದಿ, ಯಾವ ಡಿಎಲ್‌ಎಲ್ ಸಿಗಲಿಲ್ಲ ಅಂತ ಪತ್ತೆ ಹಚ್ಚುತ್ತಿದ್ದರೆ, ಅದೇ ಕೆಲಸಕ್ಕೆ ಬೆಂಗಳೂರಿನಲ್ಲಿ ಸಂಬಳ ಕೊಡುತ್ತಾರೆ. ಹಾಗಂತ ದಿನವಿಡೀ ಬಿಡಿ ಅಂತ ನಾವು ಹೇಳುತ್ತಿಲ್ಲ. ಮೋಸ ಹೋದವನನ್ನೇ ಬೈಯಬೇಡಿ, ಅಷ್ಟೇ.

ಬೈಯಬೇಕಾದ್ದು ಮಾರಿದವನನ್ನು. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಬಿಲ್ ಕೇಳಿದರೆ "ನಂಬಿಕೆ ಇಲ್ವಾ?" ಅಂತ ಮುಖ ಸಿಂಡರಿಸುತ್ತಾರೆ. ಪಾನಿಪುರಿಗೆ ಬಿಲ್ ಬೇಡ, ಸರಿ. 30 ಸಾವಿರದ ಯಂತ್ರಕ್ಕೆ ಬೇಕು. ಬಿಲ್ಲಿನ ಮೇಲೆ ಮಾಡೆಲ್, ಸೀರಿಯಲ್ ನಂಬರ್ ಬರೆಸಿ. "ಇಂಥ ಆಟ ಓಡುತ್ತದೆ" ಅಂತ ಬಾಯಲ್ಲಿ ಹೇಳಿದ್ದನ್ನು ಅದೇ ಬಿಲ್ಲಿನಲ್ಲೋ ವಾಟ್ಸಪ್‌ನಲ್ಲೋ ಬರೆದು ಕೊಡಲು ಹೇಳಿ. ಬರೆಯಲು ಹಿಂಜರಿದರೆ ಉತ್ತರ ಅಲ್ಲೇ ಸಿಕ್ಕಿತು. ಬರೆದುಕೊಟ್ಟು ಕೈಕೊಟ್ಟರೆ ಗ್ರಾಹಕ ಸಹಾಯವಾಣಿ 1915 ಇದೆ, ಕೋಲಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಗೆ ದೂರು ಕೊಡಲು ಶುಲ್ಕ ಇಲ್ಲ. ಅಂಗಡಿಯವರೇ, "ವ್ಯಾಲೊರಂಟ್, ಫೋರ್ಟ್‌ನೈಟ್, ಪಬ್‌ಜಿ ಇದರಲ್ಲಿ ಓಡುವುದಿಲ್ಲ" ಅಂತ ಒಂದು ಚೀಟಿ ಅಂಟಿಸಿ ಮಾರಿ. ನಾಲ್ಕು ಗಿರಾಕಿ ಹೋಗಬಹುದು. ಉಳಿದವರು ಮತ್ತೆ ಬರುತ್ತಾರೆ.

ಈಗಾಗಲೇ ಮ್ಯಾಕ್ ಕೊಂಡು, ಸ್ಟೀಮ್‌ನಲ್ಲಿ ಆಟಕ್ಕೂ ದುಡ್ಡು ಹಾಕಿ ಕೂತವರು ಈ ಸಂಜೆಯೇ ಒಂದು ಕೆಲಸ ಮಾಡಿ. ಕೊಂಡು 14 ದಿನ ದಾಟಿರದಿದ್ದರೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ, ನನ್ನ ಯಂತ್ರದಲ್ಲಿ ಓಡುತ್ತಿಲ್ಲ ಅಂತ ಬರೆದರೆ ಸಾಕು. ಆದರೆ ಕಪ್ಪು ಪರದೆ ನೋಡುತ್ತಾ ಕೂತ ಹೊತ್ತನ್ನೂ ಅದು ಆಡಿದ ಹೊತ್ತು ಅಂತಲೇ ಲೆಕ್ಕ ಹಿಡಿಯುತ್ತದೆ. ಮಾರಿಕುಪ್ಪಂನಲ್ಲಿ ಹತ್ತಿದ ರೈಲು ಬೆಂಗಳೂರು ಮುಟ್ಟುವಷ್ಟು ಹೊತ್ತೂ ನಿಮಗಿಲ್ಲ. ಸೆಟ್ಟಿಂಗ್ ಹುಡುಕುವಾಗ ಆಟವನ್ನು ಪೂರ್ತಿ ಮುಚ್ಚಿಟ್ಟು ಹುಡುಕಿ.